ಹೃದಯದ ಯಂತ್ರ, ಮನಸ್ಸಿನ ಮಾತ್ರೆ

ಸವಳಂಗದ ಹಿರಿಯರೊಬ್ಬರ ಪೇಸ್‌ಮೇಕರ್ ಬ್ಯಾಟರಿ ತೀರುತ್ತ ಬಂದಿದೆ ಎಂದುಕೊಳ್ಳಿ. ಶಿವಮೊಗ್ಗಕ್ಕೋ ಬೆಂಗಳೂರಿಗೋ ಹೋಗಿ ಬದಲಿಸಿಕೊಳ್ಳಬೇಕು. ಅದು ಚಿಕ್ಕ ಶಸ್ತ್ರಕ್ರಿಯೆ. ಆದರೆ ಅವರು ನಿತ್ಯವೂ ನಿದ್ರೆ ಮಾತ್ರೆ ಮತ್ತು ಖಿನ್ನತೆಯ ಮಾತ್ರೆ ಸೇವಿಸುವವರು. ಅವನ್ನು ನಿಲ್ಲಿಸಬೇಕೆ? ಉತ್ತರಕ್ಕಾಗಿ ಸ್ವಲ್ಪ ಇತಿಹಾಸ ನೋಡೋಣ.

1931ರಲ್ಲಿ ದೆಹಲಿಯಲ್ಲಿ ಸಲೀಮುಜ್ಜಮಾನ್ ಸಿದ್ದಿಕಿ ಮತ್ತು ಸಂಗಡಿಗರು ಸರ್ಪಗಂಧದ ಬೇರಿನಿಂದ ಅಜ್ಮಲೀನ್ ಬೇರ್ಪಡಿಸಿದರು. ಅದು ಹೃದಯದ ಲಯದ ಮೇಲೆ ವರ್ತಿಸುತ್ತದೆ. ಅದೇ ಬೇರಿನಿಂದ 1952ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ದೊರೆತ ರೆಸರ್ಪಿನ್ ಮನಸ್ಸನ್ನು ಶಾಂತಗೊಳಿಸುವ ಔಷಧವಾಯಿತು. 1957ರಲ್ಲಿ ಅದೇ ದೇಶದ ರೋಲಂಡ್ ಕುನ್, ಇಮಿಪ್ರಮಿನ್ ಖಿನ್ನತೆಯನ್ನು ತಗ್ಗಿಸುತ್ತದೆಂದು ವರದಿ ಮಾಡಿದರು. ಮರುವರ್ಷ, ಅಕ್ಟೋಬರ್ 8ರಂದು, ಸ್ವೀಡನ್ನಿನಲ್ಲಿ ಆರ್ನೆ ಲಾರ್ಸನ್ ಅವರ ದೇಹದೊಳಗೆ ಮೊದಲ ಪೇಸ್‌ಮೇಕರ್ ಸೇರಿತು. ಅದು ದುಡಿದದ್ದು ಕೆಲವೇ ಗಂಟೆ. ಲಾರ್ಸನ್ 20ಕ್ಕೂ ಹೆಚ್ಚು ಯಂತ್ರಗಳನ್ನು ಬದಲಿಸಿಕೊಂಡು 2001ರವರೆಗೆ ಬದುಕಿದರು!

ಇಮಿಪ್ರಮಿನ್ ಕೂಡ ಅಜ್ಮಲೀನ್‌ನಂತೆ ಹೃದಯದ ಜೀವಕೋಶಗಳಿಗೆ ಸೋಡಿಯಮ್ ಅಯಾನುಗಳ ಪ್ರವೇಶವನ್ನು ತಡೆದು ವಿದ್ಯುತ್ ಸಂಕೇತವನ್ನು ನಿಧಾನಗೊಳಿಸುತ್ತದೆ ಎಂಬುದು ಅನಂತರ ತಿಳಿಯಿತು. ಆಮೇಲೆ ಬಂದ ಫ್ಲುಆಕ್ಸೆಟಿನ್‌ನಂಥ ಔಷಧಗಳು ಪ್ಲೇಟ್‌ಲೆಟ್‌ಗಳಲ್ಲಿನ ಸಿರೊಟೋನಿನ್ ತಗ್ಗಿಸುವುದರಿಂದ ರಕ್ತಸ್ರಾವ ತುಸು ಹೆಚ್ಚಬಹುದು. ನಿದ್ರೆ ಮಾತ್ರೆಯ ಜೊತೆಗೆ ಆಸ್ಪತ್ರೆಯ ಮಂಪರಿನ ಮದ್ದು ಸೇರಿದರೆ ಉಸಿರಾಟ ಕುಗ್ಗಬಹುದು.

ಹಾಗೆಂದು ಮಾತ್ರೆಯನ್ನು ತಟ್ಟನೆ ಬಿಡುವುದೂ ಅಪಾಯ. ತಲೆಸುತ್ತು, ನಿದ್ರಾಹೀನತೆ, ಕಳವಳ ಕಾಡಬಹುದು. ಕೆಲವು ನಿದ್ರೆ ಮಾತ್ರೆಗಳನ್ನು ಬಿಟ್ಟಾಗ ಫಿಟ್ಸ್ ಕೂಡ ಬರಬಹುದು. ಆದ್ದರಿಂದ ಇವನ್ನು ಸಾಮಾನ್ಯವಾಗಿ ಮುಂದುವರಿಸುತ್ತಾರೆ. ಪ್ರಮಾಣ, ವೇಳೆಗಳನ್ನು ವೈದ್ಯರೇ ನಿರ್ಧರಿಸುತ್ತಾರೆ. ನಿಮ್ಮ ಮನೆಯಲ್ಲಿ ಇಂಥ ಹಿರಿಯರಿದ್ದರೆ, ಅವರ ಎಲ್ಲ ಮಾತ್ರೆಗಳ ಪಟ್ಟಿಯನ್ನು ಇಂದೇ ಬರೆದಿಡಿ. ಆಸ್ಪತ್ರೆಗೆ ಹೊರಡುವಾಗ ಅದು ಜೇಬಿನಲ್ಲಿರಲಿ.