ದಾವಣಿ ಹಿಡಿದ ಕೈಗೂ ವಿಚಾರಣೆಯಿದೆ

ದಾವಣಗೆರೆಯ ಹೆಸರಿಗೆ ದಾವಣಿಯೇ ಮೂಲವೆಂಬ ಪ್ರತೀತಿಯಿದೆ. ದಾವಣಿಯೆಂದರೆ ದನ, ಕುದುರೆಗಳನ್ನು ಸಾಲಾಗಿ ಕಟ್ಟುವ ಹಗ್ಗ. ಹೈದರಾಲಿಯು ಈ ಗ್ರಾಮವನ್ನು ಅಪೋಜಿ ರಾಮ್ ಎಂಬ ಮರಾಠ ನಾಯಕನಿಗೆ ಜಹಗೀರಾಗಿ ನೀಡಿದ ಬಳಿಕ ವರ್ತಕರು ಬಂದು ನೆಲೆಸಿದರು. ರೈಲು ಬರುವ ಮುನ್ನ ವ್ಯಾಪಾರದ ಹೇರನ್ನು ಹೊತ್ತವು ಎತ್ತುಗಳು. ಆದರೆ ಕಾನೂನಿನ ದೃಷ್ಟಿಯಲ್ಲಿ ಅವು ಒಡೆಯನ ಸೊತ್ತು ಮಾತ್ರ.

ಸಮೀಪದ ಹರಿಹರದಲ್ಲಿ ಕಾನೂನಿನ ಇನ್ನೊಂದು ಮುಖವನ್ನು ಕಾಣಬಹುದು. ಹೊಯ್ಸಳ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವನು 1224ರಲ್ಲಿ ಅಲ್ಲಿ ಹರಿಹರೇಶ್ವರ ದೇವಾಲಯವನ್ನು ಕಟ್ಟಿಸಿದನು. ಇಂತಹ ದೇವಾಲಯದಲ್ಲಿ ಪ್ರತಿಷ್ಠಾಪಿತವಾದ ಮೂರ್ತಿಯನ್ನು ಭಾರತೀಯ ಕಾನೂನು 'ವ್ಯಕ್ತಿ' ಎಂದು ಪರಿಗಣಿಸುತ್ತದೆ; 1925ರಲ್ಲಿ ಪ್ರಿವಿ ಕೌನ್ಸಿಲ್ ಇದನ್ನು ಸ್ಪಷ್ಟಪಡಿಸಿತು. 2000ದಲ್ಲಿ ಸುಪ್ರೀಂ ಕೋರ್ಟ್ ಗುರು ಗ್ರಂಥ ಸಾಹಿಬ್‌ಗೂ ಆ ಸ್ಥಾನ ನೀಡಿತು. ಕಂಪೆನಿಗಳಿಗೂ ಅದು ಇದೆ. ಆದ್ದರಿಂದ ಕಾನೂನಿನ ವ್ಯಕ್ತಿತ್ವವೆಂದರೆ ಆತ್ಮದ ಪ್ರಮಾಣಪತ್ರವಲ್ಲ. ಆಸ್ತಿ ಹೊಂದಲು, ದಾವೆ ಹೂಡಲು ಮಾಡಿಕೊಂಡ ವ್ಯವಸ್ಥೆ. ಉಸಿರಿಲ್ಲದ ಕಂಪೆನಿಗೆ ದೊರೆತದ್ದು ನೋವುಣ್ಣುವ ಎತ್ತಿಗೆ ದೊರೆಯಲಿಲ್ಲ.

ನಮ್ಮ ನ್ಯಾಯಾಲಯಗಳು ಈ ವೈಪರೀತ್ಯವನ್ನು ಗಮನಿಸದೆ ಇಲ್ಲ. 2014ರಲ್ಲಿ ಜಲ್ಲಿಕಟ್ಟು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಪ್ರಾಣಿಗಳ ಬದುಕಿಗೂ ಘನತೆಯಿದೆಯೆಂದಿತು. 2018ರಲ್ಲಿ ಉತ್ತರಾಖಂಡ ಹೈಕೋರ್ಟ್, ಕುದುರೆಗಾಡಿಗಳ ಕುರಿತ ಅರ್ಜಿಯೊಂದರಲ್ಲಿ, ಸಮಸ್ತ ಪ್ರಾಣಿಸಂಕುಲವನ್ನೇ ಕಾನೂನಿನ ವ್ಯಕ್ತಿಯೆಂದು ಘೋಷಿಸಿ ಪ್ರಜೆಗಳನ್ನು ಪೋಷಕರನ್ನಾಗಿಸಿತು. ಆದರೆ 2023ರಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠವು ಪ್ರಾಣಿಗಳಿಗೆ ಮೂಲಭೂತ ಹಕ್ಕುಗಳನ್ನು ನೀಡಲು ಪೂರ್ವನಿದರ್ಶನವಿಲ್ಲವೆಂದು ಹೇಳಿ, ನಮ್ಮ ಕಂಬಳಕ್ಕೆ ಅವಕಾಶವಿತ್ತ ಕಾಯಿದೆಯನ್ನೂ ಎತ್ತಿಹಿಡಿಯಿತು.

ಇಸ್ಲಾಮೀ ಇತಿಹಾಸದಲ್ಲಿ ಈ ಪ್ರಶ್ನೆ ಹೊಸದಲ್ಲ. ಭೂಮಿಯ ಮೇಲಿನ ಜೀವಿಗಳೂ ನಿಮ್ಮಂತೆಯೇ ಸಮುದಾಯಗಳೆಂದು ಪವಿತ್ರ ಕುರ್‌ಆನ್ (6:38) ತಿಳಿಸುತ್ತದೆ. ಪ್ರವಾದಿ ಸಾಲಿಹ್(ಅ)ರ ಒಂಟೆಗೆ ನೀರು ಕುಡಿಯಲು ಒಂದು ಸರದಿಯೇ ನಿಗದಿಯಾಗಿತ್ತು (26:155). ಹತ್ತನೆಯ ಶತಮಾನದಲ್ಲಿ ಬಸರಾದ ಇಖ್ವಾನುಸ್ಸಫಾ ಪಂಡಿತರು, ಪ್ರಾಣಿಗಳು ಜಿನ್ನ್‌ಗಳ ರಾಜನ ಆಸ್ಥಾನದಲ್ಲಿ ಮನುಷ್ಯನ ವಿರುದ್ಧ ದೂರು ನೀಡುವ ಕಥೆಯನ್ನು ಬರೆದರು. ಹರಿಹರದ ದೇಗುಲ ಏಳುತ್ತಿದ್ದ ಕಾಲದಲ್ಲೇ ದಮಾಸ್ಕಸ್‌ನಲ್ಲಿದ್ದ, 1262ರಲ್ಲಿ ಕೈರೋದಲ್ಲಿ ನಿಧನರಾದ ಇಮಾಮ್ ಇಝ್ಝುದ್ದೀನ್ ಇಬ್ನು ಅಬ್ದುಸ್ಸಲಾಮ್, ಮನುಷ್ಯನ ಮೇಲೆ ಪ್ರಾಣಿಗಳಿಗಿರುವ ಹಕ್ಕುಗಳನ್ನು ಪಟ್ಟಿಮಾಡಿದರು: ಶಕ್ತಿ ಮೀರಿದ ಹೊರೆ ಹೇರಬಾರದು; ಹಾನಿಮಾಡುವ ಪ್ರಾಣಿಯ ಜೊತೆ ಕೂಡಿಹಾಕಬಾರದು; ಮರಿಯನ್ನು ಅದರ ತಾಯಿಯ ಕಣ್ಣೆದುರು ಕೊಯ್ಯಬಾರದು; ಮುದಿಯಾಗಿ, ರೋಗಿಯಾಗಿ ನಿರುಪಯುಕ್ತವಾದರೂ ಮೇವು ನೀಡಲೇಬೇಕು.

ಅವರು ಪ್ರಾಣಿಯನ್ನು 'ವ್ಯಕ್ತಿ' ಎಂದು ಕರೆಯಲಿಲ್ಲ, ಮನುಷ್ಯನನ್ನು ಸಾಲಗಾರನೆಂದರು. ಬೆಕ್ಕನ್ನು ಕೂಡಿಹಾಕಿ ಉಪವಾಸ ಕೆಡವಿದ ಸ್ತ್ರೀಯು ನರಕಕ್ಕೆ ಗುರಿಯಾದಳೆಂದು ಪ್ರವಾದಿ(ಸ) ಎಚ್ಚರಿಸಿದ್ದೂ ಇದನ್ನೇ. ಆದರೆ ಸಾಲವನ್ನು ಕೇಳುವವರಿಲ್ಲದಿದ್ದರೆ ಲೋಕದಲ್ಲಿ ಅದು ತೀರುವುದಿಲ್ಲ. ಮೂಕಜೀವಿಯ ಪರವಾಗಿ ಮಾತನಾಡುವ ಪೋಷಕನನ್ನು ಕಾನೂನು ನೇಮಿಸುವುದಾದರೆ, ಅದಕ್ಕೆ 'ವ್ಯಕ್ತಿತ್ವ'ವೆಂಬ ಹೆಸರಿಟ್ಟರೂ ಬಿಟ್ಟರೂ, ನಾವು ವಿರೋಧಿಸಲು ಕಾರಣವಿಲ್ಲ. ಆ ಪೋಷಕತ್ವ ಪ್ರಾಣಿಯ ಹಿತಕ್ಕಾಗಿರಬೇಕೇ ಹೊರತು ಯಾವುದೇ ಸಮುದಾಯವನ್ನು ಹಣಿಯುವ ಆಯುಧವಾಗಬಾರದು ಎಂಬುದಷ್ಟೇ ಷರತ್ತು.

ನೆರೆಯವರ ಆಚರಣೆಯತ್ತ ಬೆರಳು ತೋರುವುದು ಸುಲಭ. ಬಕ್ರೀದಿನ ಮುನ್ನಾದಿನಗಳಲ್ಲಿ ಲಾರಿಯಲ್ಲಿ ಒತ್ತೊತ್ತಾಗಿ ತುಂಬಿ ತಂದ, ಬಿಸಿಲಿನಲ್ಲಿ ನೀರಿಲ್ಲದೆ ಕಟ್ಟಿಹಾಕಿದ ಕುರಿಯ ದಾವಣಿ ಯಾರ ಕೈಯಲ್ಲಿದೆಯೆಂದು ನಾವು ಮೊದಲು ನಮ್ಮನ್ನೇ ಕೇಳಿಕೊಳ್ಳೋಣ. ನ್ಯಾಯಾಲಯವು ಅದರ ಹಕ್ಕನ್ನು ಒಪ್ಪದಿರಬಹುದು. ಅಲ್ಲಾಹನ ಸನ್ನಿಧಿಯಲ್ಲಿ ಮಾತ್ರ ಆ ಲೆಕ್ಕ ತಪ್ಪಿಹೋಗದು.