ಕೇಳಿದ ಪ್ರಶ್ನೆ ಎಲ್ಲಿ ಉಳಿಯುತ್ತದೆ?



ಉಪಗ್ರಹದಿಂದ ಇಳಿದುಬರುವ ದೂರದರ್ಶನ ಕಾರ್ಯಕ್ರಮವನ್ನು ಯಾರ ಮನೆಯಲ್ಲಿ ಯಾರು ನೋಡುತ್ತಿದ್ದಾರೆಂಬುದು ಆ ಉಪಗ್ರಹಕ್ಕೆ ತಿಳಿಯುವುದಿಲ್ಲ. ತರಂಗಗಳು ನಾಡಿಗೆಲ್ಲ ಒಂದೇ ಸಮನೆ ಹರಡುತ್ತವೆ. ನಿಮ್ಮ ಮನೆಯ ಡಿಶ್ ಆಂಟೆನಾ ಅವನ್ನು ಹಿಡಿದುಕೊಳ್ಳುತ್ತದೆ. ಅಂತರ್ಜಾಲದ ರೀತಿ ಬೇರೆ. ಅಲ್ಲಿ ನೀವು ಕೇಳಿದರೆ ಮಾತ್ರ ಉತ್ತರ ಬರುತ್ತದೆ. ಉತ್ತರ ನಿಮ್ಮ ಬಳಿಗೇ ಬರಬೇಕಾದರೆ ನಿಮ್ಮ ಪ್ರಶ್ನೆಯೂ, ಉತ್ತರ ಕಳುಹಿಸಬೇಕಾದ ವಿಳಾಸವೂ ಆಚೆಯ ಗಣಕಯಂತ್ರಕ್ಕೆ ತಲುಪಲೇಬೇಕು.

ತಲುಪಿದ ಮೇಲೆ ಅವು ಏನಾಗುತ್ತವೆ? ಗೂಗಲ್ ಬಿಟ್ಟು ಬೇರೊಂದು ಸರ್ಚ್ ಎಂಜಿನ್ ಬಳಸಿರೆಂದು ನಿಮಗೆ ಯಾರಾದರೂ ಸಲಹೆ ಕೊಟ್ಟಿರಬಹುದು. ನಿಮ್ಮ ಜಾಡು ಹಿಡಿಯುವುದಿಲ್ಲ, ನಿಮ್ಮ ವಿವರ ಇಟ್ಟುಕೊಳ್ಳುವುದಿಲ್ಲ ಎಂಬ ಭರವಸೆಯನ್ನು ಅಂಥ ತಾಣಗಳು ಕೊಡುತ್ತವೆ. ಆ ಭರವಸೆಯನ್ನು ಯಾವ ಆಧಾರದ ಮೇಲೆ ನಂಬುವುದು? ಇದಕ್ಕೆ ಉತ್ತರ ಬೇಕಾದರೆ ಸುಮಾರು ಮೂವತ್ತೈದು ವರ್ಷಗಳ ಇತಿಹಾಸವನ್ನು ಒಮ್ಮೆ ತಿರುವಿ ನೋಡಬೇಕು.

ಹುಡುಕಾಟದ ಆರಂಭ

1990ರಲ್ಲಿ ಕೆನಡಾದ ಮಾಂಟ್ರಿಯಲ್ ನಗರದ ಮೆಕ್‌ಗಿಲ್ ವಿಶ್ವವಿದ್ಯಾಲಯದಲ್ಲಿ ಅಲನ್ ಎಮ್‌ಟೇಜ್ ಎಂಬ ವಿದ್ಯಾರ್ಥಿ 'ಆರ್ಚಿ' ಎಂಬ ತಂತ್ರಾಂಶವನ್ನು ರೂಪಿಸಿದರು. ಬೇರೆ ಬೇರೆ ಗಣಕಗಳಲ್ಲಿದ್ದ ಕಡತಗಳ ಹೆಸರುಗಳನ್ನು ಒಂದೆಡೆ ಪಟ್ಟಿಮಾಡಿ, ಕೇಳಿದವರಿಗೆ ತೋರಿಸುವುದು ಅದರ ಕೆಲಸ. ವರ್ಲ್ಡ್ ವೈಡ್ ವೆಬ್ ಜನರನ್ನು ಮುಟ್ಟಿದ ಮೇಲೆ 1994ರಲ್ಲಿ ವೆಬ್‌ಕ್ರಾಲರ್ ಮತ್ತು ಲೈಕೋಸ್, 1995ರ ಡಿಸೆಂಬರಿನಲ್ಲಿ ಆಲ್ಟಾವಿಸ್ಟಾ, 1998ರಲ್ಲಿ ಗೂಗಲ್ ಬಂದವು.

ಗೂಗಲ್ಲಿನ ಸ್ಥಾಪಕರಾದ ಸರ್ಗೇ ಬ್ರಿನ್ ಮತ್ತು ಲ್ಯಾರಿ ಪೇಜ್ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿದ್ದಾಗ, 1998ರಲ್ಲಿ, ತಮ್ಮ ಯಂತ್ರದ ಬಗ್ಗೆ ಒಂದು ಪ್ರಬಂಧ ಪ್ರಕಟಿಸಿದರು. ಜಾಹೀರಾತನ್ನೇ ನಂಬಿ ನಡೆಯುವ ಸರ್ಚ್ ಎಂಜಿನ್ ಕ್ರಮೇಣ ಜಾಹೀರಾತುದಾರರ ಕಡೆಗೆ ವಾಲುತ್ತದೆ ಎಂಬ ಎಚ್ಚರಿಕೆ ಆ ಪ್ರಬಂಧದಲ್ಲಿಯೇ ಇದೆ. ಆದರೆ ಎರಡೇ ವರ್ಷಗಳಲ್ಲಿ, 2000ದ ಅಕ್ಟೋಬರಿನಲ್ಲಿ, ಅವರ ಕಂಪನಿಯೇ 'ಆಡ್‌ವರ್ಡ್ಸ್' ಎಂಬ ಜಾಹೀರಾತು ವ್ಯವಸ್ಥೆಯನ್ನು ಆರಂಭಿಸಿತು. ಉಚಿತವಾಗಿ ಸಿಗುವ ಸೇವೆಗೆ ಎಲ್ಲಿಂದಲಾದರೂ ಹಣ ಬರಲೇಬೇಕಲ್ಲವೇ?

ಜನ ಏನನ್ನು ಹುಡುಕುತ್ತಾರೋ ಅದಕ್ಕೆ ಹೊಂದುವ ಜಾಹೀರಾತನ್ನು ತೋರಿಸುವುದು ಈ ವ್ಯಾಪಾರದ ತಿರುಳು. ಹೀಗಾಗಿ ಹುಡುಕಾಟದ ದಾಖಲೆಗೆ ಬೆಲೆ ಬಂತು. ಈ ದಾಖಲೆಯಲ್ಲಿ ಮುಖ್ಯವಾಗಿ ಮೂರು ಸಂಗತಿಗಳಿರುತ್ತವೆ. ಒಂದು, ನೀವು ಬರೆದ ಪದಗಳು. ಎರಡು, ನಿಮ್ಮ ಸಂಪರ್ಕದ ಐಪಿ ವಿಳಾಸ ಮತ್ತು ಕೇಳಿದ ಹೊತ್ತು. ಮೂರು, ನಿಮ್ಮ ಬ್ರೌಸರಿನಲ್ಲಿ ಆ ತಾಣವೇ ಇಟ್ಟುಹೋದ 'ಕುಕಿ' ಎಂಬ ಗುರುತಿನ ಸಂಖ್ಯೆ. ನಿನ್ನೆ ಕೇಳಿದವರೂ ಇಂದು ಕೇಳುತ್ತಿರುವವರೂ ಒಬ್ಬರೇ ಎಂದು ಈ ಮೂರನೆಯದರಿಂದ ತಿಳಿಯುತ್ತದೆ. ದಾಖಲೆಯಿಂದ ಒಳ್ಳೆಯ ಉಪಯೋಗವೂ ಉಂಟು. ತಪ್ಪಾಗಿ ಬರೆದ ಪದವನ್ನು ತಿದ್ದಿ ತೋರಿಸುವುದು, ಉತ್ತರಗಳ ಕ್ರಮವನ್ನು ಉತ್ತಮಗೊಳಿಸುವುದು, ಮೋಸದ ಬಳಕೆಯನ್ನು ಪತ್ತೆ ಹಚ್ಚುವುದು ಇದರಿಂದ ಸಾಧ್ಯವಾಗುತ್ತದೆ. ತೊಂದರೆ ಇರುವುದು ಅದು ಉಳಿದುಕೊಳ್ಳುವುದರಲ್ಲಿ.

2006: ಮೂರು ಘಟನೆಗಳು

ಉಳಿದುಕೊಂಡ ದಾಖಲೆಗೆ ಏನೇನಾಗಬಹುದು ಎಂಬುದನ್ನು 2006ನೇ ಇಸವಿ ಜಗತ್ತಿಗೆ ತೋರಿಸಿಕೊಟ್ಟಿತು.

ಆ ವರ್ಷದ ಜನವರಿಯಲ್ಲಿ ಒಂದು ಸಂಗತಿ ಬಹಿರಂಗವಾಯಿತು. ಅಮೆರಿಕದ ನ್ಯಾಯಾಂಗ ಇಲಾಖೆ ಗೂಗಲ್, ಯಾಹೂ, ಮೈಕ್ರೋಸಾಫ್ಟ್ ಮತ್ತು ಎಒಎಲ್ ಕಂಪನಿಗಳಿಂದ ಹುಡುಕಾಟದ ಮಾಹಿತಿ ಕೇಳಿತ್ತು. ಮಕ್ಕಳನ್ನು ಅಶ್ಲೀಲ ತಾಣಗಳಿಂದ ರಕ್ಷಿಸುವ ಕಾನೂನೊಂದನ್ನು ನ್ಯಾಯಾಲಯದಲ್ಲಿ ಸಮರ್ಥಿಸಿಕೊಳ್ಳಲು ಅದು ಬೇಕೆಂದು ಸರ್ಕಾರದ ವಾದ. ಕೇಳಿದವರ ಹೆಸರು ಬೇಡವೆಂದೂ ಸರ್ಕಾರ ಹೇಳಿತು. ಗೂಗಲ್ ಒಪ್ಪದೆ ನ್ಯಾಯಾಲಯದಲ್ಲಿ ವಾದಿಸಿತು. ಮಾರ್ಚಿಯಲ್ಲಿ ನ್ಯಾಯಾಧೀಶ ಜೇಮ್ಸ್ ವೇರ್ ಅವರು 50,000 ವೆಬ್ ವಿಳಾಸಗಳನ್ನು ಮಾತ್ರ ಕೊಡಲು ಆದೇಶಿಸಿದರು; ಜನರ ಪ್ರಶ್ನೆಗಳನ್ನು ಕೊಡಬೇಕಾಗಿಲ್ಲ ಎಂದರು. ಬಳಕೆದಾರರಿಗೆ ಅನುಕೂಲವಾದ ತೀರ್ಪು ಇದು. ಆದರೂ ಒಂದು ಮಾತು ಸ್ಪಷ್ಟವಾಯಿತು: ದಾಖಲೆ ಇದ್ದರೆ ಅದನ್ನು ಕೇಳುವವರೂ ಬರುತ್ತಾರೆ.

ಎರಡನೆಯ ಘಟನೆ ಆಗಸ್ಟ್ ತಿಂಗಳಿನದು. ಎಒಎಲ್ ಕಂಪನಿಯ ಸಂಶೋಧನಾ ವಿಭಾಗ, ವಿದ್ವಾಂಸರಿಗೆ ನೆರವಾಗಲೆಂದು, ಸುಮಾರು ಆರೂವರೆ ಲಕ್ಷ ಬಳಕೆದಾರರು ಮೂರು ತಿಂಗಳಲ್ಲಿ ಮಾಡಿದ್ದ ಸುಮಾರು 2 ಕೋಟಿ ಹುಡುಕಾಟಗಳನ್ನು ಎಲ್ಲರಿಗೂ ಸಿಗುವಂತೆ ಪ್ರಕಟಿಸಿತು. ಹೆಸರುಗಳನ್ನು ತೆಗೆದು ಪ್ರತಿಯೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟಿದ್ದರು. ಇಷ್ಟು ಸಾಕೆಂದು ಅವರ ಭಾವನೆ. ಆದರೆ ಒಂದೇ ಸಂಖ್ಯೆಯ ಪ್ರಶ್ನೆಗಳನ್ನೆಲ್ಲ ಸಾಲಾಗಿ ಓದುತ್ತಾ ಹೋದರೆ ಅದರ ಹಿಂದಿನ ಮನುಷ್ಯ ಕಾಣತೊಡಗುತ್ತಾನೆ. ನಾವು ನಮ್ಮ ಊರಿನ ಅಂಗಡಿ ಹುಡುಕುತ್ತೇವೆ, ನಮ್ಮ ಮನೆತನದ ಹೆಸರು ಹುಡುಕುತ್ತೇವೆ, ನಮ್ಮ ಬಡಾವಣೆಯ ಸುದ್ದಿ ಹುಡುಕುತ್ತೇವೆ. ಆಗಸ್ಟ್ 9ರಂದು ನ್ಯೂಯಾರ್ಕ್ ಟೈಮ್ಸ್ ಪತ್ರಿಕೆ ಇಂಥ ಒಂದು ಸಂಖ್ಯೆಯ ಜಾಡು ಹಿಡಿದು, ಜಾರ್ಜಿಯಾ ರಾಜ್ಯದ ಹಿರಿಯ ಮಹಿಳೆಯೊಬ್ಬರನ್ನು ಅವರ ಒಪ್ಪಿಗೆ ಪಡೆದು ಹೆಸರಿಸಿಯೇಬಿಟ್ಟಿತು.

ಇಲ್ಲಿ ಇನ್ನೊಂದು ಅಂಶವನ್ನು ನೀವು ಗಮನಿಸಬೇಕು. ಆ ಮಹಿಳೆ ಅನೇಕ ಕಾಯಿಲೆಗಳ ಬಗ್ಗೆ ಹುಡುಕಿದ್ದರು. ದಾಖಲೆಯನ್ನು ಮಾತ್ರ ನೋಡಿದವರು ಅವರಿಗೇ ಆ ಕಾಯಿಲೆಗಳಿವೆ ಎಂದು ತಿಳಿಯುತ್ತಿದ್ದರು. ನಿಜದಲ್ಲಿ ಅವರು ತಮ್ಮ ಸ್ನೇಹಿತರ ಸಲುವಾಗಿ ಹುಡುಕಿದ್ದರು. ಎಂದರೆ, ದಾಖಲೆ ನಮ್ಮ ಗುಟ್ಟನ್ನು ಬಿಟ್ಟುಕೊಡುವುದಷ್ಟೇ ಅಲ್ಲ, ನಮ್ಮ ಬಗ್ಗೆ ತಪ್ಪು ಕಲ್ಪನೆಯನ್ನೂ ಹುಟ್ಟಿಸಬಲ್ಲದು. ಎಒಎಲ್ ಕ್ಷಮೆ ಕೇಳಿ ಕಡತವನ್ನು ಹಿಂತೆಗೆದುಕೊಂಡಿತು. ಅಷ್ಟರಲ್ಲಿ ಅದರ ನಕಲುಗಳು ಹರಡಿದ್ದವು.

ಮೂರನೆಯ ಘಟನೆ ಇವೆರಡರ ನಡುವೆ, ಜೂನ್ ತಿಂಗಳಲ್ಲಿ, ಹೆಚ್ಚು ಸದ್ದಿಲ್ಲದೆ ನಡೆಯಿತು. ನೆದರ್ಲೆಂಡ್ಸ್ ದೇಶದಿಂದ ನಡೆಯುತ್ತಿದ್ದ 'ಇಕ್ಸ್‌ಕ್ವಿಕ್' ಎಂಬ ಸರ್ಚ್ ಎಂಜಿನ್, ಬಳಕೆದಾರರ ವೈಯಕ್ತಿಕ ವಿವರಗಳನ್ನು 48 ಗಂಟೆಗಳೊಳಗೆ ಅಳಿಸಿಹಾಕುವುದಾಗಿ ಪ್ರಕಟಿಸಿತು.

ಇಟ್ಟುಕೊಳ್ಳದವರ ದಾರಿ

ಇಕ್ಸ್‌ಕ್ವಿಕ್ ಆರಂಭವಾದದ್ದು 1998ರಲ್ಲಿ. ಬೇರೆ ಸರ್ಚ್ ಎಂಜಿನ್‌ಗಳಿಗೆ ನಿಮ್ಮ ಪ್ರಶ್ನೆಯನ್ನು ತಾನೇ ಕೇಳಿ, ಬಂದ ಉತ್ತರಗಳನ್ನು ಸೇರಿಸಿ ಕೊಡುವುದು ಅದರ ವಿಧಾನ. 2008ರಲ್ಲಿ ಅದಕ್ಕೆ ಮೊತ್ತಮೊದಲ ಯುರೋಪಿಯನ್ ಗೋಪ್ಯತಾ ಮುದ್ರೆ ದೊರೆಯಿತು. 2009ರ ಜನವರಿಯಿಂದ ಐಪಿ ವಿಳಾಸವನ್ನು ದಾಖಲಿಸುವುದನ್ನೇ ಅದು ನಿಲ್ಲಿಸಿತು. ಅದೇ ವರ್ಷ 'ಸ್ಟಾರ್ಟ್‌ಪೇಜ್' ಎಂಬ ಇನ್ನೊಂದು ಸೇವೆಯನ್ನು ಆರಂಭಿಸಿತು. ಗೂಗಲ್ಲಿನ ಉತ್ತರಗಳನ್ನು, ಕೇಳಿದವರು ಯಾರೆಂದು ಗೂಗಲ್ಲಿಗೆ ತಿಳಿಸದೆ, ತಂದುಕೊಡುವ ವ್ಯವಸ್ಥೆ ಅದು.

ಇದರ ಹಿಂದಿನ ತರ್ಕ ಸರಳವಾದದ್ದು. ಇಲ್ಲದ ದಾಖಲೆಯನ್ನು ಯಾರೂ ಕದಿಯಲಾರರು, ಯಾವ ನ್ಯಾಯಾಲಯವೂ ತರಿಸಿಕೊಳ್ಳಲಾರದು, ಯಾರೂ ಕೈತಪ್ಪಿ ಪ್ರಕಟಿಸಲಾರರು. ಗ್ರಂಥಪಾಲಕರು ಇದರ ಮಹತ್ವವನ್ನು ಬಹಳ ಹಿಂದೆಯೇ ಅರಿತಿದ್ದರು. ಓದುಗರಿಂದ ತಿಳಿದುಬಂದ ಖಾಸಗಿ ವಿಷಯವನ್ನು ಗುಟ್ಟಾಗಿಡುವುದು ಗ್ರಂಥಪಾಲಕರ ಕರ್ತವ್ಯ ಎಂದು ಅಮೆರಿಕದ ಗ್ರಂಥಾಲಯ ಸಂಘ 1939ರ ತನ್ನ ನೀತಿಸಂಹಿತೆಯಲ್ಲಿಯೇ ಸೇರಿಸಿತ್ತು.

ಇದೇ ದಾರಿಯಲ್ಲಿ ಇತರರೂ ನಡೆದರು. 2008ರಲ್ಲಿ ಅಮೆರಿಕದ ಗೇಬ್ರಿಯಲ್ ವೈನ್‌ಬರ್ಗ್ 'ಡಕ್‌ಡಕ್‌ಗೋ' ಆರಂಭಿಸಿದರು. ಅಮೆರಿಕ ಸರ್ಕಾರ ಅಂತರ್ಜಾಲದ ಮೇಲೆ ಇಟ್ಟಿದ್ದ ಕಣ್ಗಾವಲನ್ನು 2013ರ ಜೂನ್‌ನಲ್ಲಿ ಎಡ್ವರ್ಡ್ ಸ್ನೋಡೆನ್ ಬಯಲು ಮಾಡಿದ ಮೇಲೆ ಇಂಥ ತಾಣಗಳಿಗೆ ಹೋಗುವವರ ಸಂಖ್ಯೆ ಏರಿತು. ಡಕ್‌ಡಕ್‌ಗೋ ಕೂಡ ಜಾಹೀರಾತಿನಿಂದಲೇ ಬದುಕುತ್ತದೆ. ವ್ಯತ್ಯಾಸವೇನೆಂದರೆ, ಅದು ಆಗ ಬರೆದ ಪದವನ್ನು ನೋಡಿ ಜಾಹೀರಾತು ತೋರಿಸುತ್ತದೆ. ನೀವು ಸೈಕಲ್ ಎಂದು ಹುಡುಕಿದರೆ ಸೈಕಲ್ಲಿನ ಜಾಹೀರಾತು ಬರುತ್ತದೆ. ಅದಕ್ಕೆ ನಿಮ್ಮ ಹಿಂದಿನ ವರ್ಷದ ಇತಿಹಾಸ ಬೇಕಾಗಿಲ್ಲ.

ನಂಬಿಕೆಗೆ ಬಂದ ಪರೀಕ್ಷೆ

ಇಲ್ಲಿಗೆ ಕಥೆ ಸುಖಾಂತವಾಯಿತೆಂದು ತಿಳಿಯಬೇಡಿ. 'ಇಟ್ಟುಕೊಳ್ಳುವುದಿಲ್ಲ' ಎಂಬ ಮಾತಿನಲ್ಲಿ ಒಂದು ವಿಚಿತ್ರವಿದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಬೇಗ ಹೊಳೆಯುತ್ತದೆ: ಒಂದು ವಸ್ತು ಇದೆ ಎಂದು ತೋರಿಸುವುದು ಸುಲಭ, ಇಲ್ಲ ಎಂದು ಸಾಧಿಸುವುದು ಕಷ್ಟ. ಸರ್ಚ್ ಎಂಜಿನ್ ತನ್ನ ತಂತ್ರಾಂಶವನ್ನು ಎಲ್ಲರೂ ಓದುವಂತೆ ಪ್ರಕಟಿಸಿದರೂ, ದೂರದ ಗಣಕದಲ್ಲಿ ಓಡುತ್ತಿರುವುದು ಅದೇ ತಂತ್ರಾಂಶವೇ ಎಂಬುದನ್ನು ಮನೆಯಲ್ಲಿ ಕುಳಿತ ನೀವು ನೋಡಲಾರಿರಿ. ಹೀಗಾಗಿ ನಂಬಿಕೆಯ ಒಂದು ಪಾಲು ಸಂಸ್ಥೆಯ ನಡತೆಯ ಮೇಲೆಯೇ ನಿಲ್ಲುತ್ತದೆ.

ಸ್ಟಾರ್ಟ್‌ಪೇಜ್ ಈ ಪರೀಕ್ಷೆಯನ್ನು 2019ರಲ್ಲಿ ಎದುರಿಸಿತು. 'ಸಿಸ್ಟಮ್‌1' ಎಂಬ ಅಮೆರಿಕದ ಜಾಹೀರಾತು ತಂತ್ರಜ್ಞಾನ ಕಂಪನಿಗೆ ಸೇರಿದ ಸಂಸ್ಥೆಯೊಂದು ಅದರಲ್ಲಿ ಬಂಡವಾಳ ಹೂಡಿತ್ತು. ಜಾಹೀರಾತು ಕಂಪನಿಗೂ ಗೋಪ್ಯತೆಗೂ ಎಲ್ಲಿಯ ನಂಟು ಎಂದು ಬಳಕೆದಾರರು ಕೇಳಿದರು. ಗೋಪ್ಯತೆ ಕಾಪಾಡುವ ಸೇವೆಗಳನ್ನು ಶಿಫಾರಸು ಮಾಡುತ್ತಿದ್ದ ತಾಣವೊಂದು ಅದನ್ನು ತನ್ನ ಪಟ್ಟಿಯಿಂದ ಕೈಬಿಟ್ಟಿತು. ಗೋಪ್ಯತೆಗೆ ಧಕ್ಕೆ ತರುವ ಬದಲಾವಣೆಗಳನ್ನು ತಡೆಯುವ ಅಧಿಕಾರ ಸ್ಥಾಪಕರಲ್ಲಿಯೇ ಇದೆಯೆಂದು ಸ್ಟಾರ್ಟ್‌ಪೇಜ್ ವಿವರಣೆ ಕೊಟ್ಟ ಮೇಲೆ, 2020ರಲ್ಲಿ, ಮತ್ತೆ ಸೇರಿಸಿಕೊಂಡಿತು. ದಾಖಲೆ ಸೋರಿದ್ದು ಇಲ್ಲಿಲ್ಲ. ಮಾಲೀಕತ್ವ ಬದಲಾದದ್ದು ಬಳಕೆದಾರರಿಗೆ ಸಕಾಲದಲ್ಲಿ, ಸ್ಪಷ್ಟವಾಗಿ ತಿಳಿಯಲಿಲ್ಲ ಎಂಬುದೇ ದೂರಾಗಿತ್ತು.

2022ರ ಮೇ ತಿಂಗಳಲ್ಲಿ ಡಕ್‌ಡಕ್‌ಗೋ ಸರದಿ ಬಂತು. ಅದರ ಬ್ರೌಸರ್, ಇತರ ತಾಣಗಳಲ್ಲಿದ್ದ ಮೈಕ್ರೋಸಾಫ್ಟಿನ ಕೆಲವು ಜಾಡುಹಿಡಿಯುವ ತಂತ್ರಾಂಶಗಳನ್ನು ತಡೆಯುತ್ತಿರಲಿಲ್ಲ ಎಂದು ಸಂಶೋಧಕರೊಬ್ಬರು ತೋರಿಸಿದರು. ಹುಡುಕಾಟದ ಉತ್ತರಗಳಿಗಾಗಿ ಮೈಕ್ರೋಸಾಫ್ಟಿನೊಡನೆ ಮಾಡಿಕೊಂಡ ಒಪ್ಪಂದವೇ ಇದಕ್ಕೆ ಕಾರಣ ಎಂದು ಕಂಪನಿ ಒಪ್ಪಿಕೊಂಡಿತು. ಆಗಸ್ಟ್‌ನಲ್ಲಿ ತಡೆಯನ್ನು ವಿಸ್ತರಿಸಿತು. ಅದರ ಸರ್ಚ್ ಎಂಜಿನ್ ಮೇಲೆ ಈ ಆರೋಪವಿರಲಿಲ್ಲ. ಆದರೂ ಉತ್ತರಗಳಿಗೆ ಪರರನ್ನು ಅವಲಂಬಿಸಿದವರ ಕೈ ಎಷ್ಟು ಕಟ್ಟಿರುತ್ತದೆ ಎಂಬುದು ಇದರಿಂದ ತಿಳಿಯಿತು. 2024ರ ಮೇ 23ರಂದು ಮೈಕ್ರೋಸಾಫ್ಟಿನ ಬಿಂಗ್ ಕೆಟ್ಟು ನಿಂತಾಗ ಡಕ್‌ಡಕ್‌ಗೋ, ಇಕೋಸಿಯಾ ಕೂಡ ಕೆಲವು ಗಂಟೆ ತಡವರಿಸಿದವು.

ಹಾಗಾದರೆ ಎಲ್ಲರೂ ತಮ್ಮದೇ ಸೂಚಿಯನ್ನು ಏಕೆ ಕಟ್ಟಿಕೊಳ್ಳಬಾರದು? ವೆಬ್ಬಿನ ಕೋಟ್ಯಂತರ ಪುಟಗಳನ್ನು ಓದಿ, ಸೂಚಿ ತಯಾರಿಸಿ, ಅದನ್ನು ನಿತ್ಯ ಹೊಸದಾಗಿಡಲು ಅಪಾರ ಹಣ ಬೇಕು. ಬ್ರಿಟನ್ನಿನ ಮೋಜೀಕ್, 2021ರಲ್ಲಿ ಬಂದ ಬ್ರೇವ್ ಸರ್ಚ್ ಮುಂತಾದ ಕೆಲವರಷ್ಟೇ ಆ ಸಾಹಸ ಮಾಡಿದ್ದಾರೆ. ಅದೇ ಹಾದಿ ಹಿಡಿದಿದ್ದ ಜರ್ಮನಿಯ ಕ್ಲಿಕ್ಸ್ 2020ರಲ್ಲಿ ಬಾಗಿಲು ಹಾಕಿತು.

ನಮ್ಮಲ್ಲಿ ಹೇಗೆ?

ಭಾರತದಲ್ಲಿ ಗೋಪ್ಯತೆಯ ಹಕ್ಕಿನ ಚರ್ಚೆಯೊಂದಿಗೆ ಕರ್ನಾಟಕದ ಹೆಸರೊಂದು ಸೇರಿಕೊಂಡಿದೆ. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿ ಅವರು ಆಧಾರ್ ಯೋಜನೆಯನ್ನು ಪ್ರಶ್ನಿಸಿ 2012ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಹೋದರು. ಆ ಮೊಕದ್ದಮೆಯಲ್ಲಿ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ, ಗೋಪ್ಯತೆ ನಮ್ಮ ಮೂಲಭೂತ ಹಕ್ಕು ಎಂದು ಒಮ್ಮತದಿಂದ ತೀರ್ಪಿತ್ತಿತು. 2023ರಲ್ಲಿ ಸಂಸತ್ತು ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯನ್ನು ಅಂಗೀಕರಿಸಿತು. ಕಾನೂನು ಬೇಕು, ಆದರೆ ಯಾವ ತಾಣಕ್ಕೆ ಹೋಗಿ ಏನು ಕೇಳಬೇಕೆಂಬ ದಿನನಿತ್ಯದ ಆಯ್ಕೆ ನಮ್ಮದೇ.

ನಿಮ್ಮಲ್ಲಿ ಹಲವರು ಬ್ರೌಸರಿನ 'ಇನ್‌ಕಾಗ್ನಿಟೋ' ಕಿಟಕಿ ತೆರೆದರೆ ಸಾಕೆಂದು ತಿಳಿದಿರಬಹುದು. ನಿಮ್ಮ ಮೊಬೈಲಿನಲ್ಲೋ ಕಾಲೇಜಿನ ಗಣಕದಲ್ಲೋ ಇತಿಹಾಸ ಉಳಿಯದಂತೆ ಅದು ನೋಡಿಕೊಳ್ಳುತ್ತದೆ, ನಿಜ. ಆಚೆಯ ಸರ್ಚ್ ಎಂಜಿನ್ನಿಗೆ ನಿಮ್ಮ ಪ್ರಶ್ನೆಯೂ ಐಪಿ ವಿಳಾಸವೂ ಎಂದಿನಂತೆ ತಲುಪುತ್ತವೆ. ಇದೇ ವಿಷಯದಲ್ಲಿ ಅಮೆರಿಕದಲ್ಲಿ 2020ರಲ್ಲಿ ಹೂಡಿದ ದಾವೆಯೊಂದರ ರಾಜಿಯಲ್ಲಿ, ಅಪಾರ ಪ್ರಮಾಣದ ದಾಖಲೆಗಳನ್ನು ನಾಶಮಾಡಲು ಗೂಗಲ್ 2024ರಲ್ಲಿ ಒಪ್ಪಿತು.

ಐದು ಪ್ರಶ್ನೆಗಳು

ಈ ಇತಿಹಾಸದಿಂದ ನಾವು ಕಲಿಯಬಹುದಾದದ್ದನ್ನು ಐದು ಪ್ರಶ್ನೆಗಳಾಗಿ ಬರೆದಿಟ್ಟುಕೊಳ್ಳಿ.

1. ಈ ತಾಣ ನನ್ನ ಬಗ್ಗೆ ಏನನ್ನು ದಾಖಲಿಸುತ್ತದೆ, ಎಷ್ಟು ದಿನ ಇಟ್ಟುಕೊಳ್ಳುತ್ತದೆ?
2. ಉತ್ತರಗಳು ಅದರ ಸ್ವಂತದ್ದೋ, ಬೇರೆಯವರಿಂದ ತಂದದ್ದೋ?
3. ಅದರ ಖರ್ಚಿಗೆ ಹಣ ಎಲ್ಲಿಂದ ಬರುತ್ತದೆ?
4. ಅದರ ಮಾಲೀಕರು ಯಾರು, ಯಾವ ದೇಶದ ಕಾನೂನಿಗೆ ಒಳಪಟ್ಟವರು?
5. ಹೊರಗಿನವರು ಯಾರಾದರೂ ಅದನ್ನು ಪರಿಶೀಲಿಸಿದ್ದಾರೆಯೇ? ತಪ್ಪು ಬಯಲಾದಾಗ ಅದು ಹೇಗೆ ನಡೆದುಕೊಂಡಿತು?

ಎಲ್ಲ ಪ್ರಶ್ನೆಗಳಿಗೂ ಪೂರ್ಣ ಅಂಕ ಪಡೆಯುವ ಸರ್ಚ್ ಎಂಜಿನ್ ಸಿಗುವುದು ಕಷ್ಟ. ರಸಾಯನಶಾಸ್ತ್ರದ ಪಾಠಕ್ಕೆ ಬೇಕಾದದ್ದನ್ನು ಹುಡುಕುವಾಗ ನೀವು ಇಷ್ಟು ಯೋಚಿಸಬೇಕಾಗಿಯೂ ಇಲ್ಲ. ಮನೆಯವರ ಕಾಯಿಲೆ, ಸ್ನೇಹಿತರ ಸಂಕಟ, ಯಾರಲ್ಲಿಯೂ ಹೇಳಿಕೊಳ್ಳಲಾಗದ ನಿಮ್ಮದೇ ಚಿಂತೆ ಇಂಥವನ್ನು ಕೇಳುವಾಗ ಯೋಚಿಸಿ. ನಿಮ್ಮ ಕಾಲೇಜಿನಲ್ಲಿ ನಾಲ್ಕೈದು ಮಂದಿ ಸೇರಿ, ಒಬ್ಬೊಬ್ಬರು ಒಂದೊಂದು ಸರ್ಚ್ ಎಂಜಿನ್ನಿನ ಗೋಪ್ಯತಾ ನೀತಿಯನ್ನು ಪೂರ್ತಿ ಓದಿ, ಈ ಐದಕ್ಕೂ ಉತ್ತರ ಬರೆದು ಹೋಲಿಸಿ ನೋಡಿ. ಯಾವ ಪ್ರಶ್ನೆಗೆ ನೇರ ಉತ್ತರ ಸಿಗಲಿಲ್ಲವೋ ಅದನ್ನು ಮರೆಯದೆ ಗುರುತು ಹಾಕಿಕೊಳ್ಳಿ.