ಮಗುವಿನ ಅಂಜಿಕೆ ಹೋಗಿದ್ದು ದಾರದಿಂದಲೋ, ಚಿಕಿತ್ಸೆಯಿಂದಲೋ, ಕಾಲದಿಂದಲೋ?

2019ರ ಆಗಸ್ಟ್‌ನಲ್ಲಿ ಮಲಪ್ರಭೆ ಉಕ್ಕಿ ಹರಿದು ರಾಮದುರ್ಗ ಪಟ್ಟಣಕ್ಕೂ ನದಿದಂಡೆಯ ಹಳ್ಳಿಗಳಿಗೂ ನೀರು ನುಗ್ಗಿತು. ಎಷ್ಟೋ ಕುಟುಂಬಗಳು ಮನೆ ಬಿಟ್ಟು ಪರಿಹಾರ ಕೇಂದ್ರ ಸೇರಬೇಕಾಯಿತು. ಕಿತ್ತೂರು, ಬೈಲಹೊಂಗಲ, ಸವದತ್ತಿ ತಾಲ್ಲೂಕುಗಳನ್ನು ದಾಟಿ ರಾಮದುರ್ಗಕ್ಕೆ ಬರುವುದು ಇದೇ ನದಿ. ಇಂಥ ಅನುಭವದ ನಂತರ ಕೆಲವು ಮಕ್ಕಳು ಮಳೆಯ ಸದ್ದಿಗೆ ಬೆಚ್ಚುತ್ತಾರೆ, ಹಾಸಿಗೆ ಒದ್ದೆ ಮಾಡುತ್ತಾರೆ, ಅವ್ವನ ಸೆರಗು ಬಿಡುವುದಿಲ್ಲ.

ನಮ್ಮ ಕಡೆ ಇದಕ್ಕೆ ‘ಹುಡುಗ ಅಂಜಿಕೊಂಡಾನ’ ಎನ್ನುತ್ತಾರೆ. ದೃಷ್ಟಿ ತೆಗೆಯುತ್ತಾರೆ, ದಾರ ಕಟ್ಟಿಸುತ್ತಾರೆ. ಎರಡು ತಿಂಗಳಲ್ಲಿ ಮಗು ಮೊದಲಿನಂತಾದರೆ ದಾರಕ್ಕೆ ಹೆಸರು ಬರುತ್ತದೆ. ಅದೇ ಊರಲ್ಲಿ ಆಪ್ತಸಮಾಲೋಚನೆ ಶಿಬಿರ ನಡೆದಿದ್ದರೆ, ಶಿಬಿರದ ವರದಿಯೂ ಅದೇ ಮಗುವನ್ನು ತನ್ನ ಯಶಸ್ಸು ಎಂದು ಬರೆದುಕೊಳ್ಳುತ್ತದೆ. ಹಾಗಾದರೆ ಗುಣಪಡಿಸಿದ್ದು ಯಾವುದು?

ಮೊದಲು, ಕಾಲದ ಪಾಲು

ಆಘಾತಕ್ಕೆ ಒಳಗಾದ ಹೆಚ್ಚಿನ ಮಕ್ಕಳು ಮನೆಯವರ ಆಸರೆ, ಶಾಲೆ, ಆಟ ಮರಳಿ ಸಿಕ್ಕರೆ ತಾವಾಗಿಯೇ ಚೇತರಿಸಿಕೊಳ್ಳುತ್ತಾರೆ. ಈ ಸ್ವಾಭಾವಿಕ ಚೇತರಿಕೆ ಮೊದಲ ಆರು ತಿಂಗಳಲ್ಲಿ ಹೆಚ್ಚು, ಆಮೇಲೆ ನಿಧಾನ. ಆದ್ದರಿಂದ ಆ ಅವಧಿಯಲ್ಲಿ ಏನು ಮಾಡಿದರೂ ಅದು ‘ಕೆಲಸ ಮಾಡಿದಂತೆ’ ಕಾಣುತ್ತದೆ.

ಹಾಗೆಂದು ‘ಮಕ್ಕಳು ಮರೆತುಬಿಡುತ್ತಾರೆ’ ಎನ್ನುವುದು ಸರಿಯಲ್ಲ. ಒಂದು ಪಾಲು ಮಕ್ಕಳಲ್ಲಿ ಭಯ ಬೇರೂರುತ್ತದೆ. ಅವರಿಗೆ ಪಿಟಿಎಸ್‌ಡಿ, ಅಂದರೆ ಆಘಾತೋತ್ತರ ಒತ್ತಡದ ಕಾಯಿಲೆ, ಬರಬಹುದು. ಮೌಲ್ಯಮಾಪನ ಬೇಕಿರುವುದು ಇವರಿಗಾಗಿ. ‘ಎಲ್ಲರೂ ಸರಿಹೋದರು’ ಎಂಬ ಸರಾಸರಿ ಲೆಕ್ಕದಲ್ಲಿ ಕಳೆದುಹೋಗುವ ಮಕ್ಕಳು ಇವರೇ.

ಹೋಲಿಕೆ ಇಲ್ಲದೆ ಉತ್ತರವಿಲ್ಲ

ಚಿಕಿತ್ಸೆಗೆ ಮೊದಲು ಮತ್ತು ನಂತರ ಅಳೆದರೆ ಸಾಲದು. ಅದೇ ಕಷ್ಟ ಅನುಭವಿಸಿ, ಆ ಚಿಕಿತ್ಸೆ ಪಡೆಯದ ಮಕ್ಕಳ ಗುಂಪನ್ನೂ ಅಳೆಯಬೇಕು. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಿದರೆ ಫಲಿತಾಂಶದ ಮೇಲೆ ನಂಬಿಕೆ ಹೆಚ್ಚು.

ಇದಕ್ಕೆ ಒಳ್ಳೆಯ ಉದಾಹರಣೆ ಆಫ್ರಿಕಾದ ಜಾಂಬಿಯಾ. ಲುಸಾಕಾ ನಗರದ 257 ಮಕ್ಕಳ ಮೇಲೆ ನಡೆದ ಅಧ್ಯಯನ 2015ರಲ್ಲಿ ಪ್ರಕಟವಾಯಿತು. ಒಂದು ಗುಂಪಿಗೆ ಆಘಾತ ಕೇಂದ್ರಿತ ಅರಿವು-ವರ್ತನೆ ಚಿಕಿತ್ಸೆ, ಇನ್ನೊಂದಕ್ಕೆ ಎಂದಿನ ಸೇವೆ. ಆಘಾತದ ಲಕ್ಷಣಗಳು ಮೊದಲ ಗುಂಪಿನಲ್ಲಿ ಸುಮಾರು 82%, ಎರಡನೆಯದರಲ್ಲಿ ಸುಮಾರು 21% ಇಳಿದವು. ಎರಡನೇ ಗುಂಪು ಇಲ್ಲದಿದ್ದರೆ ಈ 82ರಲ್ಲಿ ಚಿಕಿತ್ಸೆಯ ಪಾಲೆಷ್ಟು ಎಂದು ಗೊತ್ತಾಗುತ್ತಿರಲಿಲ್ಲ. ಚಿಕಿತ್ಸೆ ನೀಡಿದವರು ಮನೋವೈದ್ಯರಲ್ಲ, ತರಬೇತಿ ಪಡೆದ ಸ್ಥಳೀಯ ಸಮಾಲೋಚಕರು. ತಜ್ಞರು ಕಡಿಮೆ ಇರುವ ನಮ್ಮ ತಾಲ್ಲೂಕುಗಳಿಗೆ ಇದು ದೊಡ್ಡ ಮಾತು.

ಈ ಚಿಕಿತ್ಸೆಯಲ್ಲಿ ಉಸಿರಾಟ ಮತ್ತು ವಿಶ್ರಾಂತಿ ಕಲಿಸುತ್ತಾರೆ. ಆಮೇಲೆ ಮಗು ನಡೆದದ್ದನ್ನು ತನ್ನ ವೇಗದಲ್ಲಿ, ಸ್ವಲ್ಪ ಸ್ವಲ್ಪವಾಗಿ ಹೇಳಿಕೊಳ್ಳುತ್ತದೆ. ಪೋಷಕರೂ ಇದರಲ್ಲಿ ಪಾಲ್ಗೊಳ್ಳುತ್ತಾರೆ. ಅಪ್ಪ-ಅವ್ವನ ದಿಗಿಲು ಇಳಿಯದೆ ಮಗುವಿನ ದಿಗಿಲು ಇಳಿಯುವುದು ಕಷ್ಟ.

‘ಮಾತಾಡಿಸಿದರೆ ಸಾಕು’ ನಿಜವೇ?

ಇಲ್ಲ. ಘಟನೆ ನಡೆದ ಕೂಡಲೇ ಎಲ್ಲರನ್ನೂ ಕೂರಿಸಿ, ನಡೆದದ್ದನ್ನು ಒಂದೇ ಸಲಕ್ಕೆ ಹೇಳಿಸುವ ಪದ್ಧತಿ ಬೇಡ ಎಂದು ವಿಶ್ವ ಆರೋಗ್ಯ ಸಂಸ್ಥೆ 2013ರ ಮಾರ್ಗಸೂಚಿಯಲ್ಲಿ ಹೇಳಿದೆ. ಮೊದಲ ತಿಂಗಳಲ್ಲಿ ಮಕ್ಕಳ ಆಘಾತದ ಲಕ್ಷಣಗಳಿಗೆ ಬೆಂಜೋಡಯಜೆಪಿನ್ ಗುಂಪಿನ ಮಾತ್ರೆಗಳನ್ನೂ ಕೊಡಬಾರದು ಎಂದಿದೆ. ಒಳ್ಳೆಯ ಉದ್ದೇಶದ ಕೆಲಸಕ್ಕೂ ಪರೀಕ್ಷೆ ಬೇಕು ಎನ್ನುವುದು ಇದಕ್ಕೇ.

ಎಷ್ಟು ಮಕ್ಕಳು ಬಂದರು?

ಚಿಕಿತ್ಸೆ ಎಷ್ಟೇ ಚೆನ್ನಾಗಿದ್ದರೂ ಮಗು ಅಲ್ಲಿಗೆ ತಲುಪದಿದ್ದರೆ ಫಲವಿಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್‌ನಲ್ಲಿ ಕತ್ರಿನಾ ಚಂಡಮಾರುತದ ನಂತರ, ಆಘಾತದ ಲಕ್ಷಣ ಹೆಚ್ಚಿದ್ದ 118 ಮಕ್ಕಳಿಗೆ ಎರಡು ದಾರಿ ಕೊಟ್ಟು ನೋಡಿದರು. ಶಾಲೆಯಲ್ಲೇ ಗುಂಪು ಚಿಕಿತ್ಸೆ ಸಿಕ್ಕವರಲ್ಲಿ 98% ಮಕ್ಕಳು ಅದನ್ನು ಆರಂಭಿಸಿದರು. ಕ್ಲಿನಿಕ್‌ಗೆ ಹೋಗಬೇಕಾದವರಲ್ಲಿ ಆರಂಭಿಸಿದವರು 37% ಮಾತ್ರ. ಎರಡೂ ಕಡೆ ಲಕ್ಷಣಗಳು ಇಳಿದವು.

ಇದನ್ನು ನಮ್ಮ ನೆಲಕ್ಕೆ ತಂದು ನೋಡಿ. ರಾಮದುರ್ಗ ಅಥವಾ ಸವದತ್ತಿಯ ಹಳ್ಳಿಯಿಂದ ಮಗುವನ್ನು ಪ್ರತಿ ವಾರ ತಾಲ್ಲೂಕು ಆಸ್ಪತ್ರೆಗೋ ಧಾರವಾಡದ ಡಿಮ್ಹಾನ್ಸ್‌ಗೋ ಕರೆದೊಯ್ಯಲು ಕೂಲಿ ಬಿಡಬೇಕು, ಬಸ್ಸಿಗೆ ಕಾಯಬೇಕು. ‘ಕ್ಲಿನಿಕ್ ತೆರೆದಿದ್ದೇವೆ’ ಎನ್ನುವುದು ಫಲಿತಾಂಶವಲ್ಲ. ಎಷ್ಟು ಮಕ್ಕಳು ಬಂದರು, ಎಷ್ಟು ಮಂದಿ ಪೂರ್ತಿ ಮುಗಿಸಿದರು, ನಡುವೆ ಬಿಟ್ಟವರು ಯಾಕೆ ಬಿಟ್ಟರು ಎಂಬುದೇ ಲೆಕ್ಕ.

ಯಾವ ಭಾಷೆಯಲ್ಲಿ ಅಳೆಯುವುದು?

‘ನಿನಗೆ ಆತಂಕವಾಗುತ್ತದೆಯೇ?’ ಎಂದು ಕೇಳಿದರೆ ಬೈಲಹೊಂಗಲದ ಎಂಟು ವರ್ಷದ ಹುಡುಗಿ ‘ಇಲ್ರೀ’ ಎನ್ನಬಹುದು. ‘ಎದಿ ಡವಡವ ಅಂತದನು? ರಾತ್ರಿ ನಿದ್ದಿ ಹತ್ತತದನು?’ ಎಂದರೆ ಉತ್ತರ ಬೇರೆ ಬಂದೀತು. ಪ್ರಶ್ನಾವಳಿ ಊರಿನ ಮಾತಿಗೆ ಹೊಂದಿರಬೇಕು. ಶಾಲೆಗೆ ಹೋಗುತ್ತಿದೆಯೇ, ಆಡುತ್ತಿದೆಯೇ, ಉಣ್ಣುತ್ತಿದೆಯೇ ಎಂದು ಮನೆಯವರನ್ನೂ ಶಿಕ್ಷಕರನ್ನೂ ಕೇಳಬೇಕು. ಅಳೆಯುವವರು ಚಿಕಿತ್ಸೆ ಕೊಟ್ಟವರೇ ಆಗಿರಬಾರದು. ತಮ್ಮ ಕೆಲಸಕ್ಕೆ ತಾವೇ ಅಂಕ ಕೊಟ್ಟರೆ ಅಂಕ ಹೆಚ್ಚೇ ಬರುತ್ತದೆ.

ನೀವು ಏನು ಮಾಡಬಹುದು?

ದಾರ ಕಟ್ಟಿದ್ದಕ್ಕೆ ಯಾರನ್ನೂ ಹೀಯಾಳಿಸಬೇಕಿಲ್ಲ. ಆದರೆ ದಾರ ಕಟ್ಟಿ ಸುಮ್ಮನಾಗಬೇಡಿ. ಒಂದು ತಿಂಗಳು ಕಳೆದರೂ ಕೆಟ್ಟ ಕನಸು, ಬೆಚ್ಚುವಿಕೆ, ಶಾಲೆಗೆ ಹೋಗಲು ಭಯ ಇಳಿಯದಿದ್ದರೆ ತಾಲ್ಲೂಕು ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ಬಗ್ಗೆ ವಿಚಾರಿಸಿ. ಮಗು ಸಾಯುವ ಮಾತಾಡಿದರೆ ಅಥವಾ ಊಟ-ನಿದ್ರೆ ಪೂರ್ತಿ ಬಿಟ್ಟರೆ ತಿಂಗಳು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮಕ್ಕಳ ರಕ್ಷಣೆಗೆ 1098 ಇದೆ.

ಊರಿಗೆ ಶಿಬಿರ ಬಂದರೆ ಮೂರು ಪ್ರಶ್ನೆ ಕೇಳಿ: ಆರು ತಿಂಗಳ ನಂತರ ಮತ್ತೆ ಬಂದು ನೋಡುತ್ತೀರಾ? ಯಾರ ಜೊತೆ ಹೋಲಿಸುತ್ತೀರಿ? ಸುಧಾರಿಸದ ಮಕ್ಕಳನ್ನು ಎಲ್ಲಿಗೆ ಕಳಿಸುತ್ತೀರಿ? ಮೂರನೆಯದಕ್ಕೆ ಉತ್ತರ ಇಲ್ಲದ ಶಿಬಿರ, ಯಾರಿಗೆ ನೆರವು ಹೆಚ್ಚು ಬೇಕೋ ಅವರನ್ನೇ ಬಿಟ್ಟು ಹೋಗುತ್ತದೆ.